ಟಾರ್ಗೆಟ್ ಏರಿಸಿದ ಶಿವಗಂಗಕ್ಕ

ಶಿವಗಂಗಮ್ಮನ ಬಗ್ಗೆ ಒಳ್ಳೆಯದು ಬರೆಯೋಣವೆಂದರೆ ಕೈ ಬರುವುದಿಲ್ಲ, ಕೆಟ್ಟದ್ದು ಬರೆಯೋಣವೆಂದರೆ ಮನಸ್ಸು ಒಪ್ಪುವುದಿಲ್ಲ. ಹಿರಿಯೂರಿನ ಹೊರಗೆ ಹೆದ್ದಾರಿ ಪಕ್ಕದ ಗಾರ್ಮೆಂಟ್ಸಿನಲ್ಲಿ ಏಳು ವರ್ಷ ಅವಳ ಹಿಂದಿನ ಮಷೀನಿನಲ್ಲಿ ಕೂತು ನಾನು ಶರ್ಟಿಗೆ ಜೇಬು ಹೊಲಿದಿದ್ದೇನೆ. ಅವಳು ನನ್ನ ಮುಂದೆ ಕೂತು ತೋಳಿಗೆ ಪಟ್ಟಿ ಕೂರಿಸುತ್ತಿದ್ದಳು. ಅವಳ ಬೆನ್ನಿನ ಪರಿಚಯ ನನಗಿರುವಷ್ಟು ಅವಳ ಗಂಡನಿಗೂ ಇರಲಿಕ್ಕಿಲ್ಲ.

ಹುಟ್ಟಿದ್ದು ಹೊಸದುರ್ಗದ ಕಡೆ, ಕೊಟ್ಟಿದ್ದು ಹರಿಯಬ್ಬೆಗೆ. ಹತ್ತನೇ ಕ್ಲಾಸಿನಲ್ಲಿ ಎಲ್ಲದರಲ್ಲೂ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ನಾಲ್ಕು ಮಾರ್ಕ್ಸಿಗೆ ಬಿದ್ದವಳು. ಮತ್ತೆ ಪರೀಕ್ಷೆ ಕಟ್ಟುತ್ತೇನೆ ಅಂದದ್ದಕ್ಕೆ ಅವಳಪ್ಪ ಮದುವೆ ಮಾಡಿ ಕೈ ತೊಳೆದುಕೊಂಡ. ಆ ನಾಲ್ಕು ಮಾರ್ಕ್ಸನ್ನು ಅವಳು ಇಪ್ಪತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದಳು. ಊಟದ ಹೊತ್ತಿನಲ್ಲಿ ಯಾರಾದರೂ ಓದಿನ ಮಾತೆತ್ತಿದರೆ ಸಾಕು, ಅವಳ ಮುಖ ಬಾಡಿಹೋಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಉಳಿಸಿದವಳು ಅವಳೇ. ಬಿಸಿರಕ್ತ, ಭರಭರನೆ ಹೊಲಿದು ಶಭಾಷ್ ಅನ್ನಿಸಿಕೊಳ್ಳುವ ಹುಚ್ಚು ನನಗೆ. ಎರಡನೇ ದಿನವೇ ಹಿಂದಕ್ಕೆ ತಿರುಗಿ ಮೆಲ್ಲಗೆ ಬೈದಳು.

"ಲೇ ರಮ್ಯಾ, ಮೈಯಾಗಿರೋ ಶಕ್ತಿನೆಲ್ಲ ಅವ್ರಿಗೆ ತೋರಿಸ್ಬ್ಯಾಡ. ಇವತ್ತು ಏರ್ಸಿದ್ರೆ ಆ ಲೆಕ್ಕ ಮತ್ತೆ ಇಳಿಯಾಕಿಲ್ಲ. ನಿನ್ ಕೈ ನಡೀತೈತೆ, ನಾಗಕ್ಕನ ಕೈ ನಡೀಬೇಕಲ್ಲ?"

ನಾಗಕ್ಕ ನಮ್ಮ ಲೈನಿನ ಹಿರಿಯಳು, ಕಾಲರ್ ಕೂರಿಸುವವಳು. ಮಂಡಿನೋವು, ಕಣ್ಣೂ ಮೊದಲಿನಂತಿರಲಿಲ್ಲ. ಲೈನಿನ ಮೂವತ್ತೆರಡು ಹೆಂಗಸರು ಗಂಟೆಗೆ ಎಂಬತ್ತು ಶರ್ಟು ಮುಗಿಸಬೇಕು. ನಾವು ಎಂಬತ್ತನ್ನೇ ಮುಗಿಸುತ್ತಿದ್ದೆವು, ಎಂಬತ್ತೊಂದನ್ನಲ್ಲ. ಸ್ಟಾಪ್‌ವಾಚ್ ಹಿಡಿದು ನಮ್ಮ ಕೈ ಅಳೆಯಲು ಆಫೀಸಿನವರು ಬಂದರೆ ಮೊದಲ ಮಷೀನಿನವಳು "ಬೀಗ್ರು ಬಂದ್ರು" ಅನ್ನುತ್ತಿದ್ದಳು. ಅಷ್ಟೇ, ಸಾಲಾಗಿ ಎಲ್ಲರ ದಾರವೂ ತುಂಡಾಗುತ್ತಿತ್ತು. ಉಗುರಿನಿಂದ ದಾರ ಕಿತ್ತು, ಸೂಜಿಗೆ ಮತ್ತೆ ಪೋಣಿಸಿ, ಬಾಬಿನ್ ತೆಗೆದು ಊದಿ ಹಾಕಿ, ಹೇಗೋ ಒಂದು ಶರ್ಟಿಗೆ ಒಂದೂವರೆ ಶರ್ಟಿನ ಹೊತ್ತು ತಗುಲಿಸುತ್ತಿದ್ದೆವು. ಈ ವಿದ್ಯೆ ಕಲಿಸಿದ ಗುರು ಶಿವಗಂಗಕ್ಕ. ಇದರಿಂದಲೇ ನಾಗಕ್ಕನಂಥವರ ಅನ್ನ ಉಳಿದಿತ್ತು.

ಹೋದ ವರ್ಷ ನಮ್ಮ ಲೈನಿನ ಸೂಪರ್‌ವೈಸರ್ ಕೆಲಸ ಬಿಟ್ಟ. ಫ್ಲೋರ್ ಮ್ಯಾನೇಜರ್ ಹಾಲೇಶ್, ಈ ಸಲ ಒಳಗಿನವರನ್ನೇ ಮಾಡುತ್ತಾರಂತೆ, ಆದರೆ ನಾಲ್ಕು ಮಾತು ಇಂಗ್ಲಿಷ್ ಬರಬೇಕಂತೆ ಎಂದು ಹೇಳಿಹೋದರು. ಶಿವಗಂಗಕ್ಕನಿಗೆ ಅಷ್ಟು ಸಾಕಾಯಿತು. ಪಿಯುಸಿ ಓದುತ್ತಿದ್ದ ಮಗಳು ಪ್ರೀತಿಯನ್ನು ಹಿಡಿದು ಕೂರಿಸಿದಳು. ಆ ಹುಡುಗಿ ಜಾಣೆ. ವ್ಯಾಕರಣ ಗೀಕರಣ ಬಿಟ್ಟು, ಫ್ಯಾಕ್ಟರಿಯಲ್ಲಿ ದಿನಾ ಕಿವಿಗೆ ಬೀಳುವ ಮಾತುಗಳನ್ನೇ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಳು. ಹೆಚ್ಚುವುದು, ಏರುವುದು, ಇದೇ ತಾನೇ ಆಫೀಸಿನ ಜನಕ್ಕೆ ಬೇಕಾದದ್ದು? ಬೆಲೆ ಏರಿದರೆ ಗೋ ಅಪ್. ದಿಢೀರನೆ ಏರಿದರೆ ಶೂಟ್ ಅಪ್. ಕೆಲಸ ಚುರುಕಾದರೆ ಪಿಕ್ ಅಪ್, ಚುರುಕು ಮಾಡಿಸಿದರೆ ಸ್ಪೀಡ್ ಅಪ್. ಮಷೀನಿನ ಮುಂದೆ ಬಂಡಲ್ ರಾಶಿ ಬಿದ್ದರೆ ಪೈಲ್ ಅಪ್. ಕೆಲಸದಲ್ಲಿ ಬಡ್ತಿ ಸಿಕ್ಕರೆ ಮೂವ್ ಅಪ್. ರಾತ್ರಿ ತನ್ನ ಇಂಗ್ಲಿಷ್ ಪುಸ್ತಕವನ್ನೂ ಅಮ್ಮನ ಕೈಗೆ ಕೊಟ್ಟು ಓದಿಸುತ್ತಿದ್ದಳು.

ಆಮೇಲೆ ಎರಡು ತಿಂಗಳು ಫ್ಯಾಕ್ಟರಿ ಬಸ್ಸಿನಲ್ಲಿ ನಮಗೆ ಇದೇ ಪುರಾಣ. ಈರುಳ್ಳಿ ರೇಟು ಕೇಳಿ "ಶಾಟ್ ಅಪ್ ಕಣ್ರೇ" ಅನ್ನುತ್ತಿದ್ದಳು. ಮೊಮ್ಮಗನಿಗೆ ಜ್ವರ ಅಂತ ನಾಗಕ್ಕ ಅಂದರೆ "ಜ್ವರ ಗೋಯಿಂಗ್ ಅಪ್ಪಾ?" ಅಂತ ವಿಚಾರಿಸುವಳು. ಡ್ರೈವರ್ ದಿಬ್ಬ ಹತ್ತಿಸುವಾಗ "ಈ ಗಾಡಿಗೆ ಪಿಕಪ್ಪೇ ಇಲ್ಲ" ಅಂದಾಗ, ಅಯ್ಯೋ ಇದು ನಮಗೆ ಮೊದಲೇ ಬರುತ್ತಿತ್ತಲ್ಲ ಎಂದು ಬಸ್ಸಿಗೆ ಬಸ್ಸೇ ನಕ್ಕಿತು. ನಾಗಕ್ಕನಂತೂ ಅವಳ ನೋಟ್‌ಬುಕ್ ಮುಟ್ಟಿ ಕಣ್ಣಿಗೊತ್ತಿಕೊಂಡು, "ನೀ ಸೂಪರ್‌ವೈಸರ್ ಆದ್ರೆ ನಮ್ ಕಷ್ಟ ಕೇಳೋರು ಒಬ್ರಾದ್ರೂ ಇರ್ತಾರೆ ಕಣೇ ಗಂಗಾ" ಅಂದಳು. ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ಪಾಪ, ಅವಳೂ ಹಾಗೇ ಅಂದುಕೊಂಡಿದ್ದಳು.

ಒಂದು ಬುಧವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದರು. ಕನ್ನಡ ಬಾರದ ಮನುಷ್ಯ. ಜೊತೆಗೆ ಸ್ಟಾಪ್‌ವಾಚಿನವನು, ಹಿಂದೆ ಕೈಕಟ್ಟಿಕೊಂಡು ಹಾಲೇಶ್. "ಬೀಗ್ರು ಬಂದ್ರು" ಕೂಗಾಯಿತು, ದಾರಗಳೆಲ್ಲ ತುಂಡಾದವು. ಸಾಹೇಬರು ಅವಳ ಮಷೀನಿನ ಹತ್ತಿರ ನಿಂತು ಯಾರನ್ನೂ ನೋಡದೆ ಇಂಗ್ಲಿಷಿನಲ್ಲಿ ಕೇಳಿದರು, ಈ ಲೈನು ಪಿಕ್ ಅಪ್ ಆಗುವುದುಂಟೋ ಇಲ್ಲವೋ ಅಂತ. ಕೇಳಿದ್ದು ಹಾಲೇಶರನ್ನು. ಅವರು ಬಾಯಿ ತೆಗೆಯುವಷ್ಟರಲ್ಲಿ ಶಿವಗಂಗಕ್ಕ ಎದ್ದು ನಿಂತಳು.

"ಎಸ್ ಸರ್. ವಿ ಕ್ಯಾನ್ ಪಿಕ್ ಅಪ್. ಟಾರ್ಗೆಟ್ ಕ್ಯಾನ್ ಗೋ ಅಪ್ ಸರ್."

ಒಂದಕ್ಷರ ತಪ್ಪಿಲ್ಲ. ಸಾಹೇಬರು ಹುಬ್ಬೇರಿಸಿ ನಕ್ಕು, ತೋರಿಸು ಎಂದು ಕೈಸನ್ನೆ ಮಾಡಿದರು. ಅವಳು ಕೂತಳು. ಅವತ್ತು ಅವಳ ದಾರ ತುಂಡಾಗಲಿಲ್ಲ. ಏಳು ವರ್ಷ ಅವಳ ಬೆನ್ನ ಹಿಂದೆ ಕೂತಿದ್ದ ನಾನು ಅವಳ ನಿಜವಾದ ವೇಗ ನೋಡಿದ್ದು ಅವತ್ತೇ. ಪಟ್ಟಿಗಳು ಒಂದರ ಹಿಂದೊಂದು ಜಾರಿ ಬೀಳುತ್ತಿದ್ದವು, ಕೈ ಕಾಣುತ್ತಲೇ ಇರಲಿಲ್ಲ. ಎಂಥ ಕೆಲಸಗಾತಿ! ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಎದ್ದು ಕಪಾಳಕ್ಕೆ ಬಾರಿಸಬೇಕು ಅಂತಲೂ ಅನ್ನಿಸಿತು.

ಸೋಮವಾರ ಬೋರ್ಡಿನ ಮೇಲೆ ಎಂಬತ್ತು ಅಳಿಸಿ ನೂರು ಬರೆದಿದ್ದರು.

ಸಂಜೆ ಬಸ್ಸಿನಲ್ಲಿ ನಾನೇ ಜಗಳ ತೆಗೆದೆ. "ಯಾಕಕ್ಕ ಹಿಂಗ್ ಮಾಡ್ದೆ? ನಮ್ಗೆ ಹೇಳ್ಕೊಟ್ಟೋಳು ನೀನೇ ಅಲ್ವಾ?"

"ಸೂಪರ್‌ವೈಸರ್ ಆದ್ಮ್ಯಾಲೆ ನಿಮ್ಮನ್ನೆಲ್ಲ ನೋಡ್ಕಂತೀನಿ ಕಣೇ," ಅಂದಳು. ಆಮೇಲೆ ನಿಜ ಹೇಳಿದಳು. "ಅವ್ರು ಕೇಳಿದ್ದು ನನಗೆ ಅರ್ಥ ಆತು ರಮ್ಯಾ. ಒಂದೊಂದ್ ಮಾತೂ ಅರ್ಥ ಆತು. ಜನ್ಮದಾಗೆ ಮೊದ್ಲನೇ ಸಲ. ಅರ್ಥ ಆದ್ಮ್ಯಾಲೆ ಬಾಯಿ ಮುಚ್ಕಂಡು ಹೆಂಗೆ ಕುಂತ್ಕಳ್ಳಿ?"

ನನಗೆ ಆ ಮಾತು ನಾಟಿತು. ಆದರೂ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ.

ಸೂಪರ್‌ವೈಸರ್ ಕೆಲಸ ಸುಷ್ಮಿತಾ ಅನ್ನುವ ಚಿತ್ರದುರ್ಗದ ಹುಡುಗಿಗೆ ಹೋಯಿತು. ಡಿಪ್ಲೊಮಾ ಮಾಡಿದವಳು, ಹೊಲಿಗೆ ಬಾರದವಳು. ಶಿವಗಂಗಮ್ಮನಂಥ ಕೈಯನ್ನು ಮಷೀನಿನಿಂದ ಎಬ್ಬಿಸಿದರೆ ನಷ್ಟ ಎಂದು ಸಾಹೇಬರು ಹೇಳಿದರಂತೆ. ಹಾಲೇಶ್ ಅದನ್ನು ಹೊಗಳಿಕೆ ಎಂಬಂತೆ ಬಂದು ಹೇಳಿಹೋದರು. ಅವಳು ತಲೆ ಎತ್ತದೆ ಪಟ್ಟಿ ಹೊಲಿಯುತ್ತಿದ್ದಳು.

ನೂರು ಮುಗಿಸಲು ನಾವು ನೀರು ಕುಡಿಯುವುದನ್ನು ಕಡಿಮೆ ಮಾಡಿದೆವು. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕು, ಎದ್ದರೆ ಬಂಡಲ್ ರಾಶಿ ಬೀಳುತ್ತದೆ. ರಾಶಿ ಬೀಳುತ್ತಿದ್ದದ್ದು ಹೆಚ್ಚಾಗಿ ನಾಗಕ್ಕನ ಮುಂದೆ. ಮೊದಮೊದಲು ನಾವು ಒಬ್ಬೊಬ್ಬರು ಅವಳ ಎರಡೆರಡು ಕಾಲರ್ ಹೊಲಿದುಕೊಟ್ಟೆವು. ಆಮೇಲೆ ನಮ್ಮದೇ ಮುಗಿಯಲಿಲ್ಲ. ಶಿವಗಂಗಕ್ಕ ಕೈಚಾಚಿದರೆ ನಾಗಕ್ಕ ಬಂಡಲನ್ನು ತನ್ನ ಕಡೆಗೆ ಎಳೆದುಕೊಳ್ಳುವಳು. ನಾಗಕ್ಕ ಅವಳ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಬಸ್ಸಿನಲ್ಲಿ ಶಿವಗಂಗಕ್ಕನ ಪಕ್ಕದ ಸೀಟು ಖಾಲಿಯೇ ಬರುತ್ತಿತ್ತು. ನಾನೂ ಕೂರಲಿಲ್ಲ.

ಒಂದು ಶನಿವಾರ ಆಫೀಸಿನಿಂದ ನಾಗಕ್ಕನಿಗೊಂದು ಕಾಗದ ಕೊಟ್ಟರು. ಒಂದು ಪುಟ, ಪೂರ್ತಿ ಇಂಗ್ಲಿಷು. ಸೆರಗಿನ ತುದಿಯಲ್ಲಿ ಹಿಡಿದುಕೊಂಡು ಊಟದ ಕೋಣೆಗೆ ಬಂದಳು. ನನಗೆ ತೋರಿಸಿದಳು, ನನಗೆ ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ ಏನೂ ತಿಳಿಯಲಿಲ್ಲ. ಇನ್ನಿಬ್ಬರಿಗೆ ತೋರಿಸಿದಳು. ಕೊನೆಗೆ ಮೂಲೆಯಲ್ಲಿ ಒಬ್ಬಳೇ ಕೂತು ಮುದ್ದೆ ಮುರಿಯುತ್ತಿದ್ದ ಶಿವಗಂಗಕ್ಕನ ಮುಂದೆ ಹೋಗಿ ನಿಂತಳು. ಕಾಗದ ಚಾಚಿದಳು.

ಶಿವಗಂಗಕ್ಕ ಕೈ ತೊಳೆದು, ಸೀರೆಗೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ತುಟಿ ಅಲ್ಲಾಡಿಸುತ್ತ ಮೇಲಿನಿಂದ ಕೆಳಗಿನವರೆಗೂ ಓದಿದಳು. ಎಲ್ಲೂ ತಡವರಿಸಲಿಲ್ಲ. ಓದಿ ಮುಗಿಸಿದ ಮೇಲೂ ತಲೆ ಎತ್ತಲಿಲ್ಲ.

"ಏನ್ ಬರ್ದವ್ರೆ?" ನಾಗಕ್ಕ ಕೇಳಿದಳು.

"ನಿನ್ ಕೆಲಸ ಏರ್ಲಿಲ್ಲ ಅಂತ ಬರ್ದವ್ರೆ ಅಕ್ಕ. ಮೂರು ಸಲ ಹೇಳಿದ್ರೂ ಏರ್ಲಿಲ್ಲ ಅಂತ." ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಒಂದನೇ ತಾರೀಕಿಂದ ಬರಬ್ಯಾಡ ಅಂತೈತೆ."

ನಾಗಕ್ಕ ಕಾಗದ ವಾಪಸ್ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಕುಹಕವೂ ಇರಲಿಲ್ಲ.

"ಚೆನ್ನಾಗಿ ಓದ್ತೀಯ ಕಣೇ ಗಂಗಾ," ಅಂದಳು.