ನುಣ್ಣನೆಯ ಗೆರೆ

ಪರೀಕ್ಷಾಲಯದಲ್ಲಿ ಎಲ್ಲರೂ ಅವಳನ್ನು ಮೈಕ್ರೋ ಅಕ್ಕ ಎನ್ನುತ್ತಿದ್ದರು. ಮಾತೆತ್ತಿದರೆ ಮೈಕ್ರೋಸೆಕೆಂಡು, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಸ್ಫೋಟದ ಅಲೆಯ ಒತ್ತಡ ಅಳೆಯುವುದು ಅವಳ ಕೆಲಸ. ಈ ಸಲ ಅಳತೆ ಬೇಕಾಗಿದ್ದದ್ದು ಕಲ್ಲುಗಣಿಗೆ. ಮದ್ದು ಸಿಡಿಸುವವರು ಕೂರುವ ಕ್ಯಾಬಿನ್ನನ್ನು ಬಂಡೆಗೆ ಹತ್ತಿರ ತರಬಹುದೇ ಎಂದು ಗಣಿಯವರು ಕೇಳಿದ್ದರು. ಆ ಕ್ಯಾಬಿನ್ನಿನಲ್ಲಿ ಕೂರುವವರಲ್ಲಿ ಅವಳ ತಮ್ಮನೂ ಒಬ್ಬ.

ಅವಳು ಕೇಳಿದ್ದು ವೇಗದ ಸೆನ್ಸರ್. ಖರೀದಿ ವಿಭಾಗದ ಸಾಹೇಬರು ತರಿಸಿದ್ದು ಬೇರೆಯೇ, ನಿಧಾನದ್ದು.

"ಇದಕ್ಕಿಂತ ನಿಖರವಾದದ್ದು ಮಾರ್ಕೆಟ್ಟಲ್ಲೇ ಇಲ್ಲಮ್ಮ."

"ನೀರಿನ ಪೈಪಿಗೆ ನಿಖರ ಸರ್. ಕಪಾಳಕ್ಕೆ ಬಿದ್ದ ಏಟನ್ನ ತಕ್ಕಡೀಲಿ ತೂಗ್ತೀರಾ? ಮುಳ್ಳು ಅಲ್ಲಾಡೋಷ್ಟರಲ್ಲಿ ಕೆನ್ನೆ ಊದಿರುತ್ತೆ."

ಸಾಹೇಬರು ನಕ್ಕರು. ಸೆನ್ಸರ್ ಮಾತ್ರ ಬದಲಾಗಲಿಲ್ಲ.

ಸಿಡಿಸಿ ನೋಡಿದ್ದಾಯಿತು. ಪರದೆಯ ಮೇಲೆ ಗೆರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯಿತು. ನಿಜವಾದ ಅಲೆ ಹಾಗೆ ಬರುವುದಿಲ್ಲ. ಗೋಡೆಯಂತೆ ಒಮ್ಮೆಲೇ ಎದ್ದು, ಮರುಕ್ಷಣದಿಂದಲೇ ಕುಸಿಯತೊಡಗುತ್ತದೆ. ಈ ಸೆನ್ಸರ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ತುದಿ ದಾಟಿಹೋಗಿತ್ತು. ಸಿಕ್ಕಿದ್ದು ಬರೀ ಇಳಿಜಾರು.

ಪರಿಚಯದ ಕಾಲೇಜೊಂದರಿಂದ ವೇಗದ ಸೆನ್ಸರ್ ಕಡ ತಂದಳು. ಸ್ಫೋಟದ ಬೆಳಕಿನ ಬಿಸಿ ತಾಗದಂತೆ ಅದರ ಮುಖಕ್ಕೆ ಕಪ್ಪು ಟೇಪು ಅಂಟಿಸಿ ಮತ್ತೆ ಸಿಡಿಸಿದಳು. ಈ ಸಲ ಗೆರೆ ಸೂಜಿಯಂತೆ ಎದ್ದು, ತುದಿಯಲ್ಲಿ ಒಂದಿಷ್ಟು ನಡುಗಿ ಇಳಿಯಿತು. ಆ ನಡುಕ ಸೆನ್ಸರಿನದೇ, ಹೊಡೆದ ಗಂಟೆ ಗುಂಯ್‌ಗುಡುವಂತೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಒತ್ತಡ ಮೊದಲಿನದಕ್ಕಿಂತ ಬಹಳ ಹೆಚ್ಚಿತ್ತು.

ಸಾಹೇಬರು ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಇದೇನಮ್ಮ, ಕೋಳಿ ಕೆದರಿದ ಹಾಗಿದೆ! ಮೊದಲನೇದು ನೋಡು, ಎಷ್ಟು ನುಣ್ಣಗಿದೆ. ಅದನ್ನೇ ಕಳಿಸೋಣ."

"ನುಣ್ಣಗಿರೋದೇ ತಪ್ಪು ಸರ್."

"ಹಾಗಾದ್ರೆ ಎರಡರ ಸರಾಸರಿ ತಗೋ."

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ತಪ್ಪನ್ನೂ ಸರಿಯನ್ನೂ ಕೂಡಿಸಿ ಅರ್ಧ ಮಾಡಿದರೆ ಬರುವುದು ಏನು? ಕ್ಯಾಬಿನ್ ಹತ್ತಿರ ತರಲು ತಾನು ಸಹಿ ಹಾಕುವುದಿಲ್ಲ ಎಂದು ಹೇಳಿ ಹೊರಬಂದಳು.

ಮನೆಗೆ ಬಂದರೆ ತಮ್ಮ ಊಟದ ತಟ್ಟೆ ಪಕ್ಕಕ್ಕಿಟ್ಟು ಕಾಲು ನೀಡಿ ಕೂತಿದ್ದ, ಮುಖ ಊದಿಸಿಕೊಂಡು.

"ಏನಕ್ಕ, ನೀನೇ ಅಡ್ಡಗಾಲು ಹಾಕಿದ್ಯಂತೆ? ಅಷ್ಟು ದೂರ ತಂತಿ ಎಳ್ಕೊಂಡು ಓಡಾಡಿ ಸಾಯ್ತಿರೋರು ನಾವು. ಜೊತೆಯವ್ರೆಲ್ಲ ನನ್ನನ್ನೇ ಉಗೀತಿದಾರೆ."

"ಹತ್ತಿರ ಕೂತ್ರೆ ಕಿವಿ ತಮಟೆ ಹರಿದು ಹೋಗುತ್ತೆ ಕಣೋ."

"ನಿಮ್ಮ ಸಾಹೇಬ್ರ ಮಿಷನ್ನು ಏನೂ ಆಗಲ್ಲ ಅಂದಿದೆಯಂತಲ್ಲ?"

"ಅದು ಕುಂಭಕರ್ಣ. ಗುಡುಗು ಮುಗಿದ ಮೇಲೆ ಏಳುತ್ತೆ. ನಿನ್ನ ಕಿವಿ ಅದಕ್ಕಿಂತ ಚುರುಕು."

ಅವನು ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಸಹಿಯಿಲ್ಲದೆ ವರದಿ ಹೋಗಲಿಲ್ಲ. ಕ್ಯಾಬಿನ್ ಇದ್ದಲ್ಲೇ ಉಳಿಯಿತು, ಗಣಿಯವರ ಬೈಗುಳದ ಜೊತೆಗೆ. ಹೊಸ ಸೆನ್ಸರ್ ಆರಿಸಲು ಸಾಹೇಬರು ಅವಳನ್ನು ಕರೆದರು. "ಈ ಸಲ ನೀನೇ ಹೇಳಮ್ಮ. ಆದ್ರೆ ಗೆರೆ ಸ್ವಲ್ಪ ಚೆನ್ನಾಗಿ ಬರೋ ಥರದ್ದು ನೋಡು."

ಅವಳು ಕುರ್ಚಿ ಎಳೆದುಕೊಂಡು ಕೂತು, ಮೈಕ್ರೋಸೆಕೆಂಡಿನಿಂದ ಮತ್ತೆ ಶುರುಮಾಡಿದಳು.