ಹುಳ ಇದ್ದ ಮನೆಯಲ್ಲಿ ಕೈಮಾ ಬದನೆಕಾಯಿ

ಮದುವೆಯಾಗಿ ಹೊಂಗನೂರಿನ ಹತ್ತಿರದ ಹಳ್ಳಿಗೆ ಹೋದ ಎರಡನೆಯ ವರ್ಷ ನಾನು ಬಸುರಿಯಾಗಿದ್ದೆ. ಮೂರು ತಿಂಗಳು ಹೊಟ್ಟೆಯಲ್ಲಿ ಒಂದು ಅಗುಳೂ ನಿಲ್ಲಲಿಲ್ಲ. ಮೂರು ತಿಂಗಳು ಎಂದು ನಾನು ಹೇಳುತ್ತೇನೆ. ನನ್ನ ಗಂಡ ಒಂದೂವರೆ ತಿಂಗಳು ಅನ್ನುತ್ತಾರೆ. ಒಂದು ಅಗುಳೂ ನಿಲ್ಲದೆ ಮೂರು ತಿಂಗಳು ಯಾರೂ ಬದುಕುವುದಿಲ್ಲ ಎಂಬುದು ಅವರ ವಾದ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕೈಬಳೆ ಮೊಣಕೈವರೆಗೆ ಜಾರುತ್ತಿದ್ದದ್ದು ನಿಜ. ಅದಕ್ಕೆ ಹಿಂದಿನ ವರ್ಷ ಒಂದು ಬಸುರು ನಿಲ್ಲದೆ ಹೋಗಿದ್ದದ್ದೂ ನಿಜ. ಚನ್ನಪಟ್ಟಣದ ಲೇಡಿ ಡಾಕ್ಟರ್ ಈ ಸಲ ನನ್ನ ತೂಕ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ಮುಂದಿನ ವಾರವೂ ಹೀಗೇ ಇದ್ದರೆ ಅಡ್ಮಿಟ್ ಮಾಡಿಕೊಳ್ತೀನಿ. ಏನಾದರೂ ಮಾಡಿ ಊಟ ಹೊಟ್ಟೆಯಲ್ಲಿ ನಿಲ್ಲೋ ಹಾಗೆ ನೋಡಿಕೊಳ್ಳಿ" ಎಂದಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರ ತಲೆಯಲ್ಲೂ ಇದ್ದದ್ದು ಹಿಂದಿನ ವರ್ಷ.

ಮನೆಗೆ ಬಂದರೆ ಮನೆಯ ತುಂಬ ಹುಳ. ಆಗ ಈಗಿನಂತೆ ರೇಷ್ಮೆಹುಳುವಿಗೆ ಬೇರೆ ಶೆಡ್ಡು ಇರಲಿಲ್ಲ. ನಡುಮನೆಯಲ್ಲೇ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಸಾಕುತ್ತಿದ್ದರು. ಹುಳ ದೊಡ್ಡದಾದಂತೆ ನಾವು ಜಗುಲಿಗೆ ಸರಿಯುತ್ತಿದ್ದೆವು. ಹುಳ ಸೊಪ್ಪು ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೆ ಅದು ಯಾರೋ ಪಕ್ಕದ ಕೋಣೆಯಲ್ಲಿ ಕುಳಿತು ಕಾಗದ ಮುದುರುತ್ತಿದ್ದಾರೆ ಅನ್ನಿಸುತ್ತಿತ್ತು. ಹಸಿ ಸೊಪ್ಪಿನದೂ ಹುಳದ ಹಿಕ್ಕೆಯದೂ ಸೇರಿದ ಒಂದು ವಾಸನೆ ಹಗಲೂ ರಾತ್ರಿ ಇರುತ್ತಿತ್ತು. ಆ ವಾಸನೆಗೆ ನಾನು ಎದ್ದು ಹೊರಗೆ ಓಡುತ್ತಿದ್ದೆ.

ಹುಳಕ್ಕೂ ವಾಸನೆ ಆಗುವುದಿಲ್ಲ. ಅದು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ ನಿದ್ದೆ ಮಾಡಿದಂತೆ ಇದ್ದು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಗೂಡು ಕಟ್ಟುವವರೆಗೆ ಮನೆಯಲ್ಲಿ ಒಗ್ಗರಣೆ ಇಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಬೀಡಿ ಸೇದುವವರು ಬಾಗಿಲಿಂದಾಚೆಯೇ ನಿಂತು ಮಾತಾಡಬೇಕು. ಬಾಡಿನ ಮಾತಂತೂ ಎತ್ತುವಂತಿಲ್ಲ. ಅವತ್ತು ನಮ್ಮ ಹುಳ ನಾಲ್ಕನೆಯ ಜ್ವರ ಎದ್ದಾಗಿತ್ತು. ಕುರಿಬಾಡು ಬೇಯಿಸಿದ ವಾಸನೆ ತಾಗಿದರೆ ಹುಳ ಕೆಡುತ್ತದೆ ಎಂದು ಅತ್ತೆ ನಂಬಿದ್ದರು. ಮಾವ ತೀರಿಕೊಂಡ ಮೇಲೆ ಹುಳ ಸಾಕಿ ಮನೆ ನಡೆಸಿದವರು ಅತ್ತೆ. ಅವರ ನಂಬಿಕೆಯನ್ನು ಆ ಮನೆಯಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ.

ಡಾಕ್ಟರ್ ಹೇಳಿದ್ದನ್ನು ಕೇಳಿ ಅತ್ತೆ ನನ್ನ ಮುಂದೆ ಕುಳಿತರು.

"ಹುಳ ಉಣ್ಣದೆ ಇದ್ರೆ ಗೂಡಾದ್ರೂ ಕಟ್ತದೆ. ನೀನು ಉಣ್ಣದೆ ಇದ್ಕಂಡು ಏನ್ ಕಟ್ತೀಯೆ?" ಅಂದರು. ಆಮೇಲೆ ದನಿ ತಗ್ಗಿಸಿ, "ಏನ್ ತಿನ್ಬೇಕು ಅನ್ಸ್ತದೆ ಹೇಳವ್ವ. ಹುಣಸೇಕಾಯಾ? ಮಾವಿನ್‌ಕಾಯಾ? ಕೆಮ್ಮಣ್ಣು ಅಂದ್ರೂ ತಂದ್ಕೊಡ್ತೀನಿ."

"ಕೈಮಾ ತುಂಬಿದ ಬದನೆಕಾಯಿ" ಎಂದೆ.

ನನ್ನ ತವರು ರಾಮನಗರ. ನಮ್ಮ ಎದುರುಮನೆಯವರು ಗೂಡಿನಿಂದ ನೂಲು ತೆಗೆಯುವ ಕೆಲಸದವರು, ಮುಸಲ್ಮಾನರು. ಆ ಮನೆಯ ಹೆಂಗಸನ್ನು ಬೀದಿಯ ಮಕ್ಕಳೆಲ್ಲ ಖಾಲಾ ಎಂದೇ ಕರೆಯುತ್ತಿದ್ದೆವು. ಅವರ ಅಡುಗೆಮನೆಯ ಹೊಸಿಲ ಮೇಲೆ ಕುಳಿತು, ಕೊಚ್ಚಿದ ಬಾಡಿನ ಕೈಮಾ ತುಂಬಿ ನೂಲು ಸುತ್ತಿದ ಬದನೆಕಾಯಿಯನ್ನು ಬಿಚ್ಚಿ ತಿಂದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ಮೂರು ತಿಂಗಳಲ್ಲಿ ನೆನೆಸಿಕೊಂಡರೆ ಓಕರಿಕೆ ಬಾರದಿದ್ದದ್ದು ಅದೊಂದೇ.

"ಹುಳ ಐತಲ್ಲ ಮನೇಲಿ" ಎಂದರು ನನ್ನ ಗಂಡ.

ನನ್ನ ನೆನಪಿನಲ್ಲಿ ಅತ್ತೆ ಆಗಿಂದಾಗಲೇ ಒಪ್ಪಿದರು. ಗಂಡ ಹೇಳುವುದೇ ಬೇರೆ. ಅತ್ತೆ ಎದ್ದು ನಡುಮನೆಗೆ ಹೋದರಂತೆ. ಒಂದೊಂದು ತಟ್ಟೆಯನ್ನೂ ಎಳೆದು ನೋಡಿದರಂತೆ, ಬಹಳ ಹೊತ್ತು ಹೊರಗೇ ಬರಲಿಲ್ಲವಂತೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಇತಿಹಾಸದ ಮೇಷ್ಟ್ರೊಬ್ಬರು, ಕಣ್ಣಾರೆ ಕಂಡವನ ಮಾತನ್ನೂ ಇನ್ನೊಬ್ಬನ ಮಾತಿನ ಪಕ್ಕ ಇಟ್ಟು ನೋಡಿ ಎನ್ನುತ್ತಿದ್ದರು. ಪಕ್ಕ ಇಟ್ಟು ನೋಡಿದರೆ ಗಂಡನ ಮಾತೇ ನಿಜವಿರಬೇಕು. ನನಗಾಗಿ ಅತ್ತೆ ತಡಮಾಡಲಿಲ್ಲ ಎಂದುಕೊಳ್ಳುವುದು ನನಗೆ ಹಿತ, ಅದಕ್ಕೇ ಹಾಗೆ ನೆನಪಿಟ್ಟುಕೊಂಡಿದ್ದೇನೆ. ಆದರೆ ಯೋಚನೆ ಮಾಡಿ ಒಪ್ಪಿದರು ಎಂಬುದೇ ದೊಡ್ಡ ಮಾತು ಎಂದು ಈಗ ಅನ್ನಿಸುತ್ತದೆ.

ಹೊರಗೆ ಬಂದವರು ಮಗನಿಗೆ, "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋಗು. ಎಳೇ ಕುರೀದು ಅರ್ಧ ಕೇಜಿ ಕೈಮಾ ಹೊಡಿಸ್ಕಂಡು ಬಾ. ಮನೆ ಕಡೀಕೆ ತರ್ಬ್ಯಾಡ, ಸೀದಾ ಪಂಪ್‌ಮನೆ ತಾವ್ಕೆ ತಕಬಾ" ಅಂದರು.

ಪಂಪ್‌ಮನೆ ಎಂದರೆ ಹಿಪ್ಪುನೇರಳೆ ತೋಟದ ಆ ಕೊನೆಯಲ್ಲಿ, ಬಾವಿಯ ಪಕ್ಕ, ಮೋಟಾರು ಇಡಲು ಕಟ್ಟಿದ ಸಣ್ಣ ಕೋಣೆ. ಮರುದಿನ ಮಧ್ಯಾಹ್ನ ಹುಳಕ್ಕೆ ಸೊಪ್ಪು ಕೊಟ್ಟು ಮುಗಿಸಿ ಅತ್ತೆ ನನ್ನನ್ನು ಅಲ್ಲಿಗೆ ನಡೆಸಿಕೊಂಡು ಹೋದರು. ಒಂದು ಹಿಡಿ ರಾಗಿ ಹೊಟ್ಟನ್ನು ಮೇಲಕ್ಕೆ ತೂರಿ, ಅದು ಯಾವ ಕಡೆಗೆ ಹಾರುತ್ತದೆ ನೋಡಿದರು. ಗಾಳಿ ಮನೆಯ ಕಡೆಗೆ ಇರಲಿಲ್ಲ. ಮೂರು ಕಲ್ಲು ಹೂಡಿದರು. ಸೊಪ್ಪು ಬಿಡಿಸಿ ಉಳಿದ ಒಣಕಡ್ಡಿಯ ರಾಶಿ ಅಲ್ಲೇ ಇತ್ತು. ನಮ್ಮ ಕಡೆ ಒಲೆಗೆ ಅದೇ ಸೌದೆ.

ಹಿತ್ತಲಿನ ಗುಂಡು ಬದನೆಕಾಯಿಗಳನ್ನು ಉಪ್ಪುನೀರಿಗೆ ಹಾಕಿ, "ಈಗ ಹೇಳು, ಹೆಂಗೆ ಮಾಡದು?" ಅಂದರು. ಅತ್ತೆ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದರು, ಕೈಮಾ ಉಂಡೆ ಮಾಡುತ್ತಿದ್ದರು. ಎರಡನ್ನೂ ಸೇರಿಸಿದ್ದನ್ನು ಕಂಡಿರಲಿಲ್ಲ.

"ತೊಟ್ಟು ಹಾಗೇ ಬಿಟ್ಟು ನಾಲ್ಕು ಸೀಳು ಮಾಡಬೇಕು. ಒಳಗೆ ಕೈಮಾ ತುಂಬಬೇಕು."

"ಕೈಮಾನ ಮೊದ್ಲೇ ಹುರೀತಾರೋ, ಹಸೀದೇ ತುಂಬ್ತಾರೋ?"

"ಹುರೀತಾರೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಮಾಡೋದ್ ನೋಡಿದ್ದೀಯೋ, ಬರೀ ತಿಂದಿದ್ದೀಯೋ?"

"ತಿಂದಿದ್ದೀನಿ."

ಅತ್ತೆ ಹಣೆ ಚಚ್ಚಿಕೊಂಡು ನಕ್ಕರು. "ತಿಂದೋಳ್ನ ಕೇಳ್ಕಂಡು ಅಡಿಗೆ ಮಾಡ್ತಿರೋದು ಇದೇ ಮೊದ್ಲು ಕಣವ್ವ. ಹೋಗ್ಲಿ ಬುಡು. ಹುರಿಯೋದು ಆಗಲ್ಲ, ಗಾಳಿ ಯಾವಾಗ ತಿರುಗ್ತದೋ ಯಾರ್ ಕಂಡೋರು. ಹಸೀದೇ ತುಂಬಿ ಬಾಯಿ ಮುಚ್ಚಿ ಬೇಯಿಸ್ತೀನಿ."

ಮುಂದಿನದೆಲ್ಲ ಅವರ ಊಹೆ, ನನ್ನ ಅರೆಬರೆ ನೆನಪು. ಸಣ್ಣಗೆ ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ ಶುಂಠಿ, ಕೊತ್ತಂಬರಿ ಸೊಪ್ಪು, ಕಾಯಿತುರಿ, ಸ್ವಲ್ಪ ಖಾರದ ಪುಡಿ. ಕೈಮಾ ಉಂಡೆಗೆ ಹಾಕುವಂತೆ ಹುರಿಗಡಲೆ ಪುಡಿ. ಅದನ್ನು ಖಾಲಾ ಹಾಕುತ್ತಿರಲಿಲ್ಲ ಎಂದು ನಾನು ಹೇಳಿದೆ, ಯಾವ ಆಧಾರದ ಮೇಲೆ ಹೇಳಿದೆನೋ ಗೊತ್ತಿಲ್ಲ. "ಅವರ್ ಮನೇಲಿ ಹಾಕ್ದಿದ್ರೆ ಬ್ಯಾಡ, ನಮ್ ಮನೇಲಿ ಹಾಕ್ತೀವಿ" ಎಂದರು. ಬದನೆಕಾಯಿಗಳ ಬಾಯಿ ತೆರೆದು ತುಂಬಿ, ಬಾಳೆನಾರಿನಿಂದ ಕಟ್ಟಿ, ತಳಕ್ಕೆ ಹುಚ್ಚೆಳ್ಳೆಣ್ಣೆ ಸವರಿದ ಮಡಕೆಯಲ್ಲಿ ತೊಟ್ಟು ಮೇಲೆ ಮಾಡಿ ಕೂರಿಸಿದರು. ಮುಚ್ಚಳ ಇಟ್ಟು, ಅದರ ಅಂಚಿಗೆ ಸುತ್ತಲೂ ಕಲಸಿದ ರಾಗಿಹಿಟ್ಟು ಮೆತ್ತಿದರು. ಕಡ್ಡಿ ಉರಿದು ಕೆಂಡವಾದ ಮೇಲೆ ಮಡಕೆಯನ್ನು ಅದರ ನಡುವೆ ಇಟ್ಟು ಮೇಲೂ ಕೆಂಡ ಮುಚ್ಚಿದರು. ವಾಸನೆ ಎಲ್ಲಿಯೂ ಇಲ್ಲ. ಇದನ್ನೆಲ್ಲ ಮಾಡಿದ್ದು ರುಚಿಗಾಗಿ ಅಲ್ಲ, ಹುಳಕ್ಕೆ ಗೊತ್ತಾಗಬಾರದು ಎಂದು.

ಬೇಯುತ್ತಿರುವಾಗ ಗಂಡ ತೋಟದ ನಡುವೆ ಓಡಿಬಂದರು. ಅತ್ತೆಯ ಬದಲು ಅವತ್ತು ಹುಳದ ಕೆಲಸ ಅವರದು.

"ಅವ್ವ, ಮೂಲೆ ತಟ್ಟೇವು ಸೊಪ್ಪು ಖಾಲಿ ಮಾಡ್ಬುಟ್ಟವೆ, ಇನ್ನೊಂದ್ಸಲ ಕೊಡ್ಲಾ?"

"ಬಾಡು ತಂದ ಕೈಲೇ ಸೊಪ್ಪು ಮುಟ್ಟಿದ್ದೀಯೇನ್ಲಾ?"

"ಇಲ್ಲ ಕಣವ್ವ. ಸೋಪು ಹಾಕಿ ಉಜ್ಜುಜ್ಜಿ ತೊಳ್ದಿದ್ದೀನಿ."

"ಅಯ್ಯೋ ನಿನ್ನ! ಸೋಪಿನ ಘಾಟು ಆಯ್ತದಾ ಅವಕ್ಕೆ? ಬೂದೀಲಿ ತೊಳ್ಕಂಡು ಹೋಗ್ಲಾ. ಹೆಂಡ್ತಿ ಬಸುರಿ ಆಗಿದ್ರೆ ಇವನ ಬುದ್ಧಿನೂ ವಾಂತಿ ಆಗೋಗೈತೆ."

ನಾನು ಎಷ್ಟೋ ದಿನಗಳ ಮೇಲೆ ನಕ್ಕೆ.

ಹೊತ್ತು ಇಳಿಯುವ ಮುಂಚೆ ಅತ್ತೆ ಮಡಕೆ ತೆಗೆದು, ಒಣಗಿ ಗಟ್ಟಿಯಾಗಿದ್ದ ರಾಗಿಹಿಟ್ಟನ್ನು ಕುಡುಗೋಲಿನ ಹಿಡಿಯಿಂದ ಒಡೆದರು. ಬದನೆಕಾಯಿಗಳ ಸಿಪ್ಪೆ ಸುಕ್ಕಾಗಿ ಕಂದಿತ್ತು, ಕೈಮಾದ ಜಿಡ್ಡೆಲ್ಲ ತಿರುಳಿಗೆ ಇಳಿದಿತ್ತು. ಬಾಳೆ ಎಲೆಯ ಮೇಲೆ ಒಂದನ್ನು ಹಾಕಿ ನಾರು ಬಿಚ್ಚಿ ಕೊಟ್ಟರು. ನಾನು ಬಾವಿಯ ಕಟ್ಟೆಯ ಮೇಲೆ ಕುಳಿತು ತಿಂದೆ. ಅದು ಖಾಲಾ ಮನೆಯ ರುಚಿ ಅಲ್ಲ ಎಂದು ಮೊದಲ ತುತ್ತಿಗೇ ಗೊತ್ತಾಯಿತು. ಹೇಳಲಿಲ್ಲ. ಎರಡನೆಯದನ್ನೂ ತಿಂದೆ. ಅತ್ತೆ ಒಂದು ಚೂರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಅವರು ಮತ್ತೆ ಹುಳದ ಹತ್ತಿರ ಹೋಗಬೇಕಿತ್ತು. ಮೋಟಾರು ಹಾಕಿ, ಬೀಳುವ ನೀರಿನ ಕೆಳಗೆ ಉಟ್ಟ ಸೀರೆಯಲ್ಲೇ ತಲೆಗೆ ಮಿಂದು, ಮಡಿ ಸೀರೆ ಸುತ್ತಿಕೊಂಡು ಬಂದು ನನ್ನ ಪಕ್ಕ ಕುಳಿತರು. ಕೂದಲಿನಿಂದ ನೀರು ಸೋರುತ್ತಿತ್ತು.

"ನಿಂತೈತಾ?"

"ನಿಂತಿದೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ನಿಂತೈತಾ?"

ನಿಂತಿತ್ತು. ಮೊದಲನೆಯದು ವಾಂತಿಯಾಯಿತು, ಎರಡನೆಯದು ನಿಂತಿತು ಎಂದು ಗಂಡ ಹೇಳುತ್ತಾರೆ. ಆದರೆ ಆ ಹೊತ್ತಿಗೆ ಅವರು ಬೂದಿಯಲ್ಲಿ ಕೈ ತೊಳೆದುಕೊಂಡು ಮನೆಯಲ್ಲಿ ಸೊಪ್ಪು ಹಾಕುತ್ತಿರಲಿಲ್ಲವೇ? ಇದೊಂದರಲ್ಲಿ ನಾನು ಬಗ್ಗುವುದಿಲ್ಲ.

ಉಳಿದದ್ದನ್ನು ಮನೆಗೆ ತರುವಂತಿರಲಿಲ್ಲ, ಮಡಕೆ ಅಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಅತ್ತೆ ಅದನ್ನು ಬಿಸಿ ಮಾಡಿ ಕೊಟ್ಟರು, ಅದೂ ನಿಂತಿತು. ಆಮೇಲೆ ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಏರುವವರೆಗೂ ನನಗೆ ಪಂಪ್‌ಮನೆಯಲ್ಲೇ ಊಟ. ಮುದ್ದೆ, ಉಪ್ಪುಸಾರು, ಮೊಟ್ಟೆ, ಏನು ಕೊಟ್ಟರೂ ಉಣ್ಣುತ್ತಿದ್ದೆ. ಮುಂದಿನ ವಾರ ಲೇಡಿ ಡಾಕ್ಟರ್ ತೂಕ ನೋಡಿ ಅಡ್ಮಿಟ್ ಮಾತು ಎತ್ತಲಿಲ್ಲ.

ನನ್ನನ್ನು ಉಳಿಸಿದ್ದು ಬದನೆಕಾಯಿಯೇ ಎಂದು ಹೇಳಲು ನನಗೆ ಧೈರ್ಯವಿಲ್ಲ. ಹುಳದ ವಾಸನೆಯಿಂದ ದೂರ ಗಾಳಿಯಲ್ಲಿ ಕುಳಿತು ಉಂಡದ್ದೂ ಇರಬಹುದು. ನಾಲ್ಕನೆಯ ತಿಂಗಳಿಗೆ ವಾಂತಿ ತಾನಾಗಿ ನಿಲ್ಲುವುದು ಎಷ್ಟೋ ಬಸುರಿಯರ ಅನುಭವ. ಅತ್ತೆಗೆ ಇಂಥ ಅನುಮಾನ ಇರಲಿಲ್ಲ. ಅಕ್ಕಪಕ್ಕದವರಿಗೆಲ್ಲ, "ಬದ್ನೇಕಾಯಿ ತಿನ್ನಿಸ್ದೆ, ಸರಿಹೋದ್ಲು" ಎಂದೇ ಹೇಳುತ್ತಿದ್ದರು.

ಹೆರಿಗೆಗೆ ರಾಮನಗರದ ತವರಿಗೆ ಹೋದೆ. ಹೆಣ್ಣುಮಗು. ಮಗುವನ್ನು ನೋಡಲು ಎದುರುಮನೆ ಖಾಲಾ ಬಂದಾಗ ನಾನು ಈ ಕತೆಯನ್ನೆಲ್ಲ ಹೇಳಿ, "ನಿಮ್ಮ ಕೈಮಾ ಬದನೆಕಾಯಿ ಹೆಂಗೆ ಮಾಡೋದು ಅಂತ ಸರಿಯಾಗಿ ಹೇಳಿಕೊಡಿ" ಎಂದೆ.

ಖಾಲಾ ಮಗುವಿನ ಮುಖದಿಂದ ಕಣ್ಣು ಎತ್ತಿದರು. "ಬದನೆಕಾಯಿಗೆ ಕೈಮಾ ನಾನು ಯಾವತ್ತೂ ತುಂಬಿಲ್ಲವಲ್ಲ ಬೇಟಾ. ನಮ್ಮ ಮನೆಯವರಿಗೆ ಬದನೆಕಾಯಿ ಅಂದರೆ ಮೈ ಕೆರೆತ, ಮನೆಗೇ ತರ್ತಿರಲಿಲ್ಲ. ನೀನು ತಿಂದಿದ್ದು ಹಾಗಲಕಾಯಿ. ಉಪ್ಪು ಹುಣಸೆಹುಳಿ ಹಚ್ಚಿ ಕಹಿ ತೆಗೆದು, ಕೈಮಾ ತುಂಬಿ, ನೂಲು ಸುತ್ತಿ ಹುರೀತಿದ್ದೆ. ಎಷ್ಟು ಇಷ್ಟ ನಿನಗೆ! ನೂಲನ್ನೂ ಚೀಪ್ತಿದ್ದೆ."

ಅವರು ಹೇಳಿದ ತಕ್ಷಣ ನನ್ನ ನಾಲಿಗೆಗೆ ಹಾಗಲಕಾಯಿಯ ಒರಟು ಮೈ ಸಿಕ್ಕಿತು. ಅದು ನಿಜವಾಗಿ ನೆನಪಾಯಿತೋ, ಅವರು ಹೇಳಿದ್ದಕ್ಕೆ ಹುಟ್ಟಿಕೊಂಡಿತೋ, ಹೇಳಲಾರೆ. ಇಲ್ಲದ ಅಡುಗೆಯೊಂದಕ್ಕಾಗಿ ನಾನು ಬಯಸಿ ಬಯಸಿ ಒಂದು ಮನೆಯ ಬೆಳೆಯನ್ನೇ ಪಣಕ್ಕೆ ಇಡಿಸಿದ್ದೆ. ಮೊದಲ ತುತ್ತಿಗೇ ಇದು ಖಾಲಾ ಮನೆಯ ರುಚಿ ಅಲ್ಲ ಎಂದುಕೊಂಡಿದ್ದೆನಲ್ಲ. ಬೇರೆಲ್ಲ ಮರೆತಿದ್ದರೂ ನಾಲಿಗೆ ಅಷ್ಟನ್ನು ಉಳಿಸಿಕೊಂಡಿತ್ತು.

ಮಗುವನ್ನು ಕರೆದುಕೊಂಡು ಊರಿಗೆ ಹೋದ ಮೇಲೆ ಅತ್ತೆಗೆ ಹೇಳಬೇಕೋ ಬೇಡವೋ ಎಂದು ಕೆಲವು ದಿನ ತಡೆದೆ. ಕೊನೆಗೆ ಒಂದು ಬೆಳಿಗ್ಗೆ, ಅವರು ಮಗುವಿಗೆ ಎರೆಯಲು ಕಾಲು ಚಾಚಿ ಕುಳಿತಿದ್ದಾಗ ಹೇಳಿಬಿಟ್ಟೆ.

ಅತ್ತೆಯ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು.

"ಹಾಗಲ್ಕಾಯಾ? ಬಸುರಿಗೆ ಹಾಗಲ್ಕಾಯಿ ಯಾರಾರ ಕೊಡ್ತಾರಾ? ಗರ್ಭ ನಿಲ್ತದಾ ಅದ್ರಲ್ಲಿ?"

ನನಗೆ ಅಲ್ಲಿಯವರೆಗೆ ಆ ಮಾತು ಗೊತ್ತಿರಲಿಲ್ಲ. ನಮ್ಮ ಕಡೆ ಬಸುರಿಯರು ಹಾಗಲಕಾಯಿ ಮುಟ್ಟುವುದಿಲ್ಲ. ಅದು ನಿಜವೋ ಸುಳ್ಳೋ ಬೇರೆ ಪ್ರಶ್ನೆ, ಅತ್ತೆಗೆ ನಿಜ.

"ನೀನು ಸರಿಯಾಗಿ ನೆಪ್ಪಿಟ್ಕಂಡು ಕೇಳಿದ್ದಿದ್ರೆ ನಾನು ಮಾಡ್ಕೊಡ್ತಾನೇ ಇರ್ಲಿಲ್ಲ ಕಣೆ" ಅಂದರು. "ಹಿಂದ್ಲೊರ್ಸ ಒಂದು ಹೋಗಿತ್ತು. ಹೆಂಗ್ ಕೊಡ್ತಿದ್ದೆ ಹೇಳು? ನೀನು ಉಪವಾಸವೇ ಇರ್ತಿದ್ದೆ."

ಆಮೇಲೆ ನಗಲು ಶುರುಮಾಡಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು ಸೆರಗಿನಲ್ಲಿ ಒರೆಸಿಕೊಂಡರು. ಕಾಲ ಮೇಲೆ ಮಲಗಿದ್ದ ಮಗುವಿಗೆ ಬಿಸಿನೀರು ಹುಯ್ಯುತ್ತ, "ನಿಮ್ಮವ್ವಂಗೆ ಬದ್ನೇಕಾಯಿ ಯಾವ್ದು ಹಾಗಲ್ಕಾಯಿ ಯಾವ್ದು ಗೊತ್ತಾಗಲ್ಲ ಕಣೆ ಮಗ. ನೀನು ದೊಡ್ಡೋಳಾದ್ಮೇಲೆ ಏನಾರ ಕೇಳೋದಿದ್ರೆ ನನ್ನ ಕೇಳು" ಅಂದರು.

ಈ ಮಾತನ್ನು ಅತ್ತೆ ಹೀಗೇ ಹೇಳಿದರು. ಗಂಡನೂ ಒಪ್ಪುತ್ತಾರೆ.