ಕುರಿ ಬೆಲೆ ಕೇಳ್ತಿದ್ದ ಮೇಡಮ್ಮು

ಮೊನ್ನೆ ಹೊರಗೆ ಒಣಹಾಕಿದ್ದ ಕಂಬಳಿ ತುಂತುರು ಮಳೆಗೆ ನೆನೆದು ಹೋತು. ಒಳಗೆ ತಂದು ಹರವಿದ್ದೇ ತಡ, ಹಸಿ ಉಣ್ಣೆ ವಾಸನೆ ಮನೆ ತುಂಬ ಹರಡ್ತು. ಮೊಮ್ಮಗಳು ಮೂಗು ಮುಚ್ಕಂಡು ಓಡಿದ್ಲು. ನಂಗೆ ಮಾತ್ರ ಮೇಡಮ್ಮು ನೆನಪಾದ್ರು. ಓದಿದ ಹೆಂಗಸ್ರಾಗೆ ಈ ವಾಸನೆಗೆ ಮೂಗು ಮುಚ್ಚದೆ ಇದ್ದೋರು ಅವ್ರೊಬ್ರೇ. ನನ್ನ ಅನುಮಾನ ಶುರುವಾಗಿದ್ದೂ ಅಲ್ಲಿಂದ್ಲೇ...

ಆಗ ಭರಮಸಾಗರದಾಗೆ ನಮ್ಮ ಮನೆ ಹಿಂದ್ಲೇ ಕುರಿ ರೊಪ್ಪ ಇತ್ತು. ನಮ್ಮೆಜಮಾನ್ರು ತೀರ್ಕಂಡು ವರ್ಷ ತುಂಬಿರಲಿಲ್ಲ. ಎರಡು ಹೆಣ್ಣುಮಕ್ಕಳು ಇನ್ನೂ ಓದ್ತಿದ್ವು. ಕುರಿ ಹಿಂಡು ನಂಗೂ ಮೈದುನನಿಗೂ ಸೇರಿದ್ದು. ಮನೆ ಖರ್ಚಿಗೆ ಆಗ್ಲಿ ಅಂತ ಒಂದು ರೂಮು ಬಾಡಿಗೆಗೆ ಬಿಟ್ಟೆ. ಬಂದೋರು ದುರ್ಗದ ಕಾಲೇಜಿನಾಗೆ ಕಾಮರ್ಸ್ ಹೇಳಿಕೊಡ್ತಿದ್ದ ಮೇಡಮ್ಮು. ರಸ್ತೆ ಕಡೆ ಒಳ್ಳೆ ರೂಮು ತೋರಿಸ್ದೆ. ಅವ್ರು, "ಹಿಂದಿನ ರೂಮು ಕೊಡ್ರಮ್ಮ, ಕುರಿ ಕಾಣ್ತಾವೆ" ಅಂದ್ರು. ಕುರಿ ನೋಡಾಕೆ ಯಾರಾದ್ರೂ ಬಾಡಿಗೆ ಕೊಡ್ತಾರಾ? ಇವ್ರು ಇನ್‌ಕಮ್ ಟ್ಯಾಕ್ಸಿನೋರೇ ಸೈ ಅಂದ್ಕಂಡೆ.

ಕೇಳಿದ್ರೆ, ಪಿಎಚ್‌ಡಿ ಅಂದ್ರು. ಕಂಪ್ನಿಯೋರು ಲೆಕ್ಕ ಬರೆಯಾಗ ಆಸ್ತಿಗೆ ಕೊಂಡಾಗಿನ ರೇಟು ಹಾಕ್ಬೇಕಾ, ಇವತ್ತು ಮಾರಿದ್ರೆ ಬರೋ ರೇಟು ಹಾಕ್ಬೇಕಾ ಅಂತ ದೊಡ್ಡ ಜಗಳ ಐತಂತೆ. ಗೋಡೆ, ಮಿಷನ್ನು ಆದ್ರೆ ಹೆಂಗೋ ಆಗ್ತೈತೆ. ಉಸಿರಾಡೋ ಆಸ್ತಿಗೆ ಏನು ಬರೆಯಾದು ಅನ್ನಾದು ಇವ್ರ ಓದು.

"ನಿನ್ನೆ ಹುಟ್ಟಿದ ಮರೀನ ನೀವು ಕೊಂಡಿಲ್ಲ. ಅದಕ್ಕೆ ಕೊಂಡ ರೇಟು ಅಂತ ಏನು ಬರೀಲಮ್ಮ?"

"ಟಗರನ್ನ ಕೇಳ್ರಿ, ಅದೇನು ಖರ್ಚು ಮಾಡೈತೋ ಹೇಳ್ತೈತೆ" ಅಂದೆ. ನಕ್ಕರು. ನಕ್ಕು ಮತ್ತೆ ಅದನ್ನೇ ಕೇಳಿದ್ರು!

ದಿನಾ ಸಂಜೆ ರೊಪ್ಪದ ಬೇಲಿ ಹಿಡ್ಕಂಡು ನಿಂತ್ಕಳೋರು. ಈ ಕುರಿ ಇವತ್ತು ಮಾರಿದ್ರೆ ಎಷ್ಟು, ಆ ಟಗರು ಹಬ್ಬ ಬಿಟ್ಟು ಮಾರಿದ್ರೆ ಎಷ್ಟು... ಸಂತೆಗೂ ಹೋಗಿ ಬಂದ್ರು, ಮುಖ ಸಪ್ಪಗೆ ಮಾಡ್ಕಂಡು. ನಮ್ಮ ಕಡೆ ಕುರಿ ವ್ಯಾಪಾರ ಬಾಯಾಗೆ ಆಗಲ್ಲ. ಟವಲ್ ಕೆಳಗೆ ಇಬ್ರೂ ಕೈ ಇಟ್ಟು, ಬೆರಳು ಹಿಡುದು ರೇಟು ಹೇಳ್ತಾರೆ. ಪಕ್ಕದಾಗೆ ನಿಂತೋನಿಗೂ ತಿಳಿಯಲ್ಲ.

"ಪೇಟೆ ರೇಟು ನೋಡಿ ಬರೀರಿ ಅಂತ ನಿಯಮ ಐತೆ. ರೇಟು ಟವಲ್ ಕೆಳಗೆ ಕುಂತೈತಲ್ಲಮ್ಮ, ಹೆಂಗೆ ನೋಡ್ಲಿ?"

ಹಂಗಿರೋವಾಗ ನಮ್ಮ ಮೈದುನ ಬಂದು, "ಅತ್ಗೆ, ನಿಮ್ಮ ಪಾಲಿನ ಕುರಿ ನಂಗೇ ಕೊಟ್ಬಿಡ್ರಿ, ದುಡ್ಡು ಕೊಡ್ತೀನಿ" ಅಂದ. ಅವನು ಹೇಳಿದ ರೇಟಿಗೆ ಕುರಿ ಹೋಗ್ಲಿ, ಕುರಿ ನೆರಳೂ ಬರ್ತಿರಲಿಲ್ಲ. ಹಿಂಡು ಕೈಬಿಟ್ರೆ ಮಕ್ಕಳ ಓದು ಅಲ್ಲಿಗೇ ನಿಲ್ತಿತ್ತು. ಕೊಡಲ್ಲ ಅನ್ನಾಕೂ ಇಲ್ಲ, ಹಿಂಡು ಇದ್ದಿದ್ದು ಅವನ ಕೈಯಾಗೆ. ಮಾರನೆ ದಿನ ಕೆರೆ ಏರಿ ಮೇಲೆ ನೋಡ್ತೀನಿ, ಮೇಡಮ್ಮು ಸ್ಕೂಟರ್ ನಿಲ್ಸಿ ಮೈದುನನ ಜತೆ ಮಾತಾಡ್ತಾವ್ರೆ. ಓಹೋ... ಟ್ಯಾಕ್ಸಿನೋರಲ್ಲ, ಇವನೇ ತಂದು ಇಟ್ಟಿರೋ ಕಣ್ಣು ಇದು ಅಂದ್ಕಂಡೆ.

ನಾನೂ ಕಮ್ಮಿ ಏನಲ್ಲ. ಅವತ್ತು ಮೇಡಮ್ಮಿಗೆ ಬಿಸಿ ರೊಟ್ಟಿ ಕೊಟ್ಟು, ಕಿವಿ ತಾವ ಬಾಯಿಟ್ಟು ಹೇಳ್ದೆ. "ಹಿರಿಯೂರಿಂದ ಒಬ್ಬ ವ್ಯಾಪಾರಿ ಬಂದಿದ್ದ. ಮೈದುನನ ರೇಟಿಗೆ ಎರಡರಷ್ಟು ಕೊಡ್ತಾನಂತೆ. ಯಾರ ಮುಂದೂ ಅನ್ಬೇಡ್ರಿ ಮತ್ತೆ." ಹಿರಿಯೂರಿಂದ ಯಾವ ವ್ಯಾಪಾರೀನೂ ಬಂದಿರಲಿಲ್ಲ. ಆ ಮಾತು ನನ್ನ ಬಾಯಿಂದ ಬಿದ್ದಿದ್ದು ಅವ್ರೊಬ್ರ ಕಿವಿಗೆ. ಮೈದುನನ ತನಕ ಹೋದ್ರೆ ಕಳ್ಳಿ ಸಿಕ್ಕಿಬಿದ್ದಂಗೆ.

ಮಾರನೆ ಬೆಳಿಗ್ಗೆ ನಾನಿನ್ನೂ ಅಂಗಳ ಗುಡಿಸ್ತಿದ್ದೆ, ಮೈದುನ ಬಂದು ನಿಂತ.

"ಯಾರತ್ಗೆ ಅವನು ಹಿರಿಯೂರಿನೋನು?"

"ಯಾವ ಹಿರಿಯೂರಪ್ಪ?"

"ಸುಮ್ನಿರ್ರಿ, ನಂಗೆಲ್ಲ ಗೊತ್ತೈತೆ. ಮನೆ ಕುರಿ ಹೊರಗಿನೋನಿಗೆ ಯಾಕೆ? ನಾನೂ ಇನ್ನೊಂದಿಷ್ಟು ಸೇರಿಸ್ತೀನಿ."

ಮೈಯೆಲ್ಲ ಉರೀತು. ಆವಮ್ಮನ ಟ್ರಂಕು ಬೀದಿಗೆ ಹಾಕ್ಬೇಕು ಅಂತ ರೂಮಿನ ಬಾಗಿಲ ತನಕ ಹೋದೆ. ಅಲ್ಲಿ ನಿಂತಾಗ ತಲೆಗೆ ಹೊಳೀತು... ಸುದ್ದಿ ಹೋಗೈತೆ ನಿಜ, ಆದ್ರೆ ರೇಟು ಏರೈತಲ್ಲ! ಬಾಗಿಲು ಬಡೀಲಿಲ್ಲ, ವಾಪಸ್ ಬಂದೆ.

ವ್ಯಾಪಾರದ ದಿನ ಮೈದುನ ದಲ್ಲಾಳೀನ ಕರ್ಕಂಡು ಬಂದ. ಕಟ್ಟೆ ಮೇಲೆ ಟವಲ್ ಹಾಸಿದ್ರು. ಹೆಂಗಸ್ರು ಕೈ ಹಾಕೋ ಪದ್ಧತಿ ಇಲ್ಲ. ನನ್ನ ಪರವಾಗಿ ದಲ್ಲಾಳೀನೇ ಬೆರಳು ಹಿಡೀಬೇಕು.

"ನೀವು ಒಳಗಿರ್ರಿ ಅಕ್ಕ, ಆದ್ಮೇಲೆ ಹೇಳ್ತೀನಿ" ಅಂದ.

"ಕುರಿ ನಂದು, ಕೈ ನಿಂದಾ? ಸರ್ಕಳಪ್ಪ ಅತ್ಲಾಗೆ" ಅಂದು ಟವಲ್ ಒಳಗೆ ಕೈ ತೂರಿಸ್ದೆ. ಮೈದುನನ ಅಂಗೈ ಬೆವ್ತು ಒದ್ದೆ ಆಗಿತ್ತು. ಪಾಪ, ಹಿರಿಯೂರಿನೋನ್ನ ಪೂರ್ತಿ ನಂಬಿದ್ದ! ನಾನು ರೇಟು ಏರಿಸಿ ಅವನ ಬೆರಳು ಹಿಡ್ಕಂತಾ ಹೋದೆ, ಅವನು ಬಿಡಿಸ್ಕಂತಾ ಹೋದ. ಕೊನೆಗೆ ಟವಲ್ಲು, ಗುಟ್ಟು ಎಲ್ಲ ಮರ್ತು ಕೂಗೇಬಿಟ್ಟ. "ಅಷ್ಟು ಎಲ್ಲಿಂದ ತರ್ಲಿ ಅತ್ಗೆ?"

"ಹಂಗಾರೆ ದುಡ್ಡು ಬ್ಯಾಡ, ಹಿಂಡು ಪಾಲು ಮಾಡಿ ನನ್ನ ಪಾಲಿನ ಕುರೀನೇ ಬಿಟ್ಕೊಡು."

ಕೊಟ್ಟ. ಮಕ್ಕಳು ಓದಿ ದಡ ಸೇರಿದ್ದು ಆ ಕುರಿಯಿಂದ.

ಮೇಡಮ್ಮು ಅಷ್ಟೊತ್ತೂ ಬೇವಿನ ಮರದಡಿ ನಿಂತು ನೋಡ್ತಿದ್ರು. ಆಮೇಲೆ ಟೀ ಕೊಟ್ಟು, ಎದುರಿಗೇ ಕುಂತು ಕೇಳ್ದೆ.

"ಹಿರಿಯೂರಿನ ಸುದ್ದಿ ನನ್ನ ಮೈದುನಂಗೆ ಹೇಳಿದ್ದು ನೀವೇ ತಾನೆ?"

ಮೇಡಮ್ಮು ಲೋಟ ಕೆಳಗಿಟ್ರು. "ನಿಮಗೆ ದುಡ್ಡಿನ ಗರಜು ಐತೆ ಅಂತ ಅವ್ರಿಗೆ ಗೊತ್ತಿತ್ತು. ಗರಜಿಗೆ ಬಿದ್ದು ಮಾರಿದ ರೇಟು ಸರಿಯಾದ ರೇಟಲ್ಲ ಅಂತಾನೇ ನನ್ನ ಓದು ಹೇಳಾದು ಅಮ್ಮ. ಕೊಳ್ಳಾಕೆ ಇನ್ನೊಬ್ಬ ಇರ್ಬೇಕು."

"ಅದಲ್ಲ ನಾನು ಕೇಳಿದ್ದು."

"ಟೀ ಆರ್ತೈತೆ, ಕುಡೀರಿ."

ನನ್ನ ಸುಳ್ಳು ತಿಳ್ಕಂಡು, ನಂಗೆ ಒಳ್ಳೇದಾಗ್ಲಿ ಅಂತ ಬೇಕಂತ್ಲೇ ಹೇಳಿದ್ರಾ? ಇಲ್ಲ, ಅವನ ಕಣ್ಣಾಗಿ ಬಂದು ಸುದ್ದಿ ಮುಟ್ಟಿಸಿ, ತಿಳೀದೆ ಅವನನ್ನೇ ಕೆಡಿಸಿದ್ರಾ? ಇಲ್ಲ, ಇಬ್ರನ್ನೂ ಕಾದಾಡಾಕೆ ಬಿಟ್ಟು, ರೇಟು ಹೆಂಗೆ ಹುಟ್ತೈತೆ ಅಂತ ತಮ್ಮ ಓದಿಗೆ ನೋಡ್ತಿದ್ರಾ? ಆಮೇಲೂ ಬಾಡಿಗೆಗಿದ್ರು. ಅಷ್ಟು ದಿನವೂ ನಾನು ಅವ್ರನ್ನ ಓರೆಗಣ್ಣಾಗೇ ನೋಡ್ದೆ. ಓದು ಮುಗಿದು ಹೊರಡೋವಾಗ ಕೈ ಹಿಡ್ಕಂಡ್ರು... ನಾನು ಬಾಡಿಗೆ ಚುಕ್ತಾ ಆತಾ ಅಂತ ಕೇಳ್ದೆ.

ಈಗ ಮೊಮ್ಮಗಳು ಫೋನಿನಾಗೆ ಟೈಪ್ ಮಾಡಾದು ಕಲಿಸ್ಯಾಳೆ. ಮಗಳ ಫೋನಿನಾಗೆ ಮೇಡಮ್ಮಿನ ನಂಬರ್ ಇತ್ತು. ಒಂದು ಒತ್ತಕ್ಷರಕ್ಕೆ ಒಂದು ಗಳಿಗೆ ತಿಣುಕಾಡಿ ಕಳಿಸ್ದೆ. "ಮೇಡಮ್ಮೋರೆ, ನಾನು ಭರಮಸಾಗರದ ಕುರಿಯಮ್ಮ. ಈಗಾದ್ರೂ ನಿಜ ಹೇಳ್ರಿ."

ಸಂಜೆ ಉತ್ತರ ಬಂತು. "ನಾನು ಅವ್ರ ಮಗಳು. ಅಮ್ಮ ಹೋದ ವರ್ಷ ತೀರ್ಕಂಡ್ರು. ಯಾವ ನಿಜ, ಅಮ್ಮ?"

ಕೇಳಿದ್ರೆ ಆ ಹುಡುಗಿಗೇನು ಗೊತ್ತು... ಕೊನೆಗೆ ಬರೆದೆ. "ಏನಿಲ್ಲ ತಾಯಿ. ನಮ್ಮನ್ಯಾಗೆ ಬಾಡಿಗೆಗಿದ್ರು. ಬಾಳ ಒಳ್ಳೇರು."

ಅದನ್ನ ಅವ್ರಿಗೇ ಹೇಳ್ಬೇಕಿತ್ತು. ಹೇಳಿದ್ರೂ ಆವಮ್ಮ, ಟೀ ಆರ್ತೈತೆ ಅಂತಿದ್ರೋ ಏನೋ.